ಮಗ್ಗ, ಹೆಂಚು, ಅಚ್ಚುಮೊಳೆ: ಮಿಷನ್ ಕಸುಬುಗಳ ಕಥೆ ಮತ್ತು ಬ್ರಹ್ಮಗಿರಿ ಸೀಮೆ

ಬ್ರಹ್ಮಗಿರಿಯ ಬಂಡೆ, ಪಾದ್ರಿಯ ಮಗ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ಅಶೋಕ ಸಿದ್ದಾಪುರದ ಮಗ್ಗುಲಿಗೆ ಇರುವ ಕಲ್ಲುಗುಡ್ಡ ಬ್ರಹ್ಮಗಿರಿ. ಅಲ್ಲಿನ ಬಂಡೆಯೊಂದರ ಮೇಲೆ ಕ್ರಿ.ಪೂ. 3ನೆಯ ಶತಮಾನದ ಅಶೋಕನ ಕಿರುಶಾಸನವಿದೆ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು; ಈ ಸಾಧನೆ ದೊಡ್ಡವರಿಗೆ ಮಾತ್ರವಲ್ಲ, ಚಿಕ್ಕವರಿಗೂ ಎಟುಕುವಂಥದ್ದು ಎಂಬುದು ಅದರ ತಿರುಳು. ಬರೆದವನು ಚಪಡ. ಕೊನೆಯಲ್ಲಿ ತಾನು ಲಿಪಿಕಾರನೆಂಬುದನ್ನು ಅವನು ದೂರದ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ದಾಖಲಿಸಿದ್ದಾನೆ. ಅರಸನ ಆಜ್ಞೆಯ ಜೊತೆಗೆ ಕಸುಬುದಾರನ ಗುರುತೂ ಆ ಕಲ್ಲಿನಲ್ಲಿ ಉಳಿದಿದೆ.

ಈ ಶಾಸನವನ್ನೂ, ಹತ್ತಿರದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಶಾಸನಗಳನ್ನೂ 1892ರಲ್ಲಿ ಪತ್ತೆ ಮಾಡಿದವರು ಬಿ. ಎಲ್. ರೈಸ್. ಅವರ ತಂದೆ ಬೆಂಜಮಿನ್ ರೈಸ್ ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನ ಪಾದ್ರಿ. ಮಗ ಹಿಡಿದದ್ದು ಶಾಸನಗಳ ದಾರಿ. ಮೈಸೂರು ಸೀಮೆಯ ಸಾವಿರಾರು ಶಾಸನಗಳನ್ನು ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಸೇರಿಸಿದರು. ಆ ಮಾಲಿಕೆಯ ಕೆಲವು ಸಂಪುಟಗಳು ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಧರ್ಮಪ್ರಚಾರಕ್ಕೆಂದು ಹೂಡಿದ ಅಚ್ಚುಕೂಟವೊಂದು ನಾಡಿನ ಚರಿತ್ರೆಯ ಕೆಲಸಕ್ಕೆ ಒದಗಿತು.

ಮಿಷನ್ನಿನ ದಾನ, ಅದು ಕಟ್ಟಿದ ವ್ಯಾಪಾರ, ಅದರ ನೆರಳಲ್ಲಿ ಬೆಳೆದ ಅಕ್ಷರ ಮತ್ತು ಕಲೆ, ಈ ಮೂರೂ ಒಂದು ಸಮುದಾಯವನ್ನು ಎಷ್ಟರ ಮಟ್ಟಿಗೆ ಮೇಲೆತ್ತಬಲ್ಲವು ಎಂದು ತಿಳಿಯಲು ಕನ್ನಡನಾಡಿನಲ್ಲಿ ಬಾಸೆಲ್ ಮಿಷನ್ನಿಗಿಂತ ಒಳ್ಳೆಯ ಉದಾಹರಣೆ ಸಿಗದು. ಅದರ ಸಾಧನೆಯನ್ನೂ ಸೋಲನ್ನೂ ಬ್ರಹ್ಮಗಿರಿ ಸೀಮೆಯ ನೇಕಾರರು ಮತ್ತು ಹಾಡುಗಾರರ ಸ್ಥಿತಿಯ ಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಬಳ್ಳಾರಿಯ ಹಿನ್ನೆಲೆ

ಮೊಳಕಾಲ್ಮೂರಿಗೆ ಹತ್ತಿರದ ದೊಡ್ಡ ಊರು ಬಳ್ಳಾರಿ. ಅದು ಬ್ರಿಟಿಷರ ಕಾಲದಲ್ಲಿ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು, ಮೊಳಕಾಲ್ಮೂರು ಮೈಸೂರಿಗೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತರು. ಅವರ ಜೊತೆಗಾರ ವಿಲಿಯಂ ರೀವ್ ಇಂಗ್ಲಿಷ್-ಕನ್ನಡ ನಿಘಂಟನ್ನು 1824ರಲ್ಲಿ, ಕನ್ನಡ-ಇಂಗ್ಲಿಷ್ ನಿಘಂಟನ್ನು 1832ರಲ್ಲಿ ಹೊರತಂದರು. ಬಳ್ಳಾರಿಯಲ್ಲಿ ಮೊಳೆಯಚ್ಚಿನ ಮುದ್ರಣಾಲಯವೂ ನಡೆಯುತ್ತಿತ್ತು. ಅಂದರೆ ಈ ಬಯಲುಸೀಮೆಗೆ ಕನ್ನಡದ ಅಚ್ಚು ಅಪರಿಚಿತವಾಗಿರಲಿಲ್ಲ. ಆದರೆ ಬಳ್ಳಾರಿಯ ಪಾದ್ರಿಗಳು ಶಾಲೆ ಮತ್ತು ಪುಸ್ತಕದಾಚೆಗೆ ದೊಡ್ಡ ಕೈಗಾರಿಕೆ ಹೂಡಲಿಲ್ಲ. ಆ ಹೆಜ್ಜೆ ಇಟ್ಟವರು ಕರಾವಳಿಗೆ ಬಂದ ಬಾಸೆಲ್ ಮಿಷನ್ನಿನ ಜರ್ಮನ್ ಮತ್ತು ಸ್ವಿಸ್ ಪಾದ್ರಿಗಳು.

ಕೆಲಸ ಬಿಡಿಸಿದವರೇ ಕೆಲಸ ಕೊಡಬೇಕಾಯಿತು

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಈ ಮಿಷನ್ ಹುಟ್ಟಿತು. ಇಂಡಿಯಾದಲ್ಲಿ ಬ್ರಿಟಿಷರಲ್ಲದ ಪಾದ್ರಿಗಳಿಗೂ ಕೆಲಸ ಮಾಡಲು 1833ರ ಸನ್ನದು ದಾರಿ ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಸ್ಯಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಮುಂದೆ ಧಾರವಾಡ (1837), ಹುಬ್ಬಳ್ಳಿ (1839), ಗದಗ-ಬೆಟಗೇರಿ (1841), ಗುಳೇದಗುಡ್ಡ (1851), ಉಡುಪಿ (1854) ಹೀಗೆ ಠಾಣೆಗಳು ಹಬ್ಬಿದವು. ಬೆಟಗೇರಿ, ಗುಳೇದಗುಡ್ಡ ಎರಡೂ ನೇಕಾರರ ಊರುಗಳು.

ಕರಾವಳಿಯಲ್ಲಿ ಮೊದಲಿಗೆ ಹೆಚ್ಚಾಗಿ ಕ್ರೈಸ್ತರಾದವರು ಬಿಲ್ಲವರು. ಹಲವರಿಗೆ ಶೇಂದಿ ಇಳಿಸುವುದೇ ಬದುಕು. ಮಿಷನ್ ಆ ಕಸುಬನ್ನು ಒಪ್ಪುತ್ತಿರಲಿಲ್ಲ. ಇತ್ತ ಜಾತಿಯಿಂದ ಹೊರಬಿದ್ದವರನ್ನು ಭೂಮಿಯ ಒಡೆಯರು ಒಕ್ಕಲು ಬಿಡಿಸುತ್ತಿದ್ದರು, ನೆಂಟರು ದೂರವಾಗುತ್ತಿದ್ದರು. ಜನರಿಂದ ಹಳೆಯ ಬದುಕನ್ನು ಬಿಡಿಸಿದ ಮೇಲೆ ಹೊಸ ಬದುಕನ್ನು ಒದಗಿಸುವ ಹೊಣೆ ಮಿಷನ್ನಿನ ಮೇಲೆಯೇ ಬಿತ್ತು. ಕಾರ್ಖಾನೆಗಳ ಮೂಲ ಇಲ್ಲಿದೆ. ಅದನ್ನು ಬರಿಯ ಔದಾರ್ಯವೆಂದು ಕರೆದರೆ ಅರ್ಧ ಸತ್ಯ ಹೇಳಿದಂತೆ. ಅದು ತಾನೇ ತಂದ ಕಷ್ಟಕ್ಕೆ ಮಿಷನ್ ಹುಡುಕಿಕೊಂಡ ಪರಿಹಾರವೂ ಆಗಿತ್ತು.

ಮೊದಲ ಪ್ರಯತ್ನಗಳು ಹೆಚ್ಚು ನಿಲ್ಲಲಿಲ್ಲ. ಕಾಫಿ ತೋಟ, ಗಡಿಯಾರ ರಿಪೇರಿ, ಪುಸ್ತಕದ ರಟ್ಟು ಕಟ್ಟುವುದು, ಮರಗೆಲಸ ಹೀಗೆ ಒಂದೊಂದಾಗಿ ನೋಡಿದರು. ಗದಗಿನ ಬಳಿಯ ಮಲ್ಲಸಮುದ್ರದಲ್ಲಿ ಕೃಷಿ ವಸಾಹತು ಮಾಡಲು ಹೋಗಿ ಸೋತರು. ಅದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರ ಹಣ, ಊರವರ ನಂಬಿಕೆಯಿಂದ ಕಟ್ಟಿದ ಸಹಕಾರ ಸಂಘ ದೇಶಕ್ಕೇ ಮಾದರಿಯಾಯಿತು. ಹೊರಗಿನವರ ಸದುದ್ದೇಶ ಸೋತ ನೆಲದಲ್ಲೇ ಊರವರ ಲೆಕ್ಕದ ಪುಸ್ತಕ ಗೆದ್ದದ್ದು, ಬಡತನ ನೀಗಿಸುವ ಕೆಲಸದಲ್ಲಿರುವವರು ಮತ್ತೆ ಮತ್ತೆ ಓದಬೇಕಾದ ಪ್ರಸಂಗ.

1859ರಲ್ಲಿ ಬಾಸೆಲ್‌ನಲ್ಲಿ ಮಿಷನ್ನಿನ ವ್ಯಾಪಾರಿ ಕಂಪನಿಯೊಂದು ಪ್ರತ್ಯೇಕವಾಗಿ ಹುಟ್ಟಿತು. ಷೇರುದಾರರಿಗೆ ಸಿಗುವ ಲಾಭಾಂಶಕ್ಕೆ ಮಿತಿ, ಮಿಕ್ಕದ್ದು ಮಿಷನ್ನಿಗೆ ಎಂಬುದು ಅದರ ಕಟ್ಟಳೆ. ವ್ಯಾಪಾರದ ಲೆಕ್ಕವನ್ನು ಚರ್ಚಿನ ಲೆಕ್ಕದಿಂದ ಬೇರೆಯಾಗಿಡಬೇಕೆಂಬ ಈ ತಿಳಿವಳಿಕೆ ಇಲ್ಲದಿದ್ದರೆ ಮುಂದಿನದೆಲ್ಲ ಕುಸಿಯುತ್ತಿತ್ತು.

ನೇಯ್ಗೆ ಮತ್ತು ಖಾಕಿ

ಮಂಗಳೂರಿನಲ್ಲಿ ನೇಯ್ಗೆ ಮೊದಲು ಶುರುವಾದದ್ದು 1844ರಲ್ಲಿ. ಅದಕ್ಕೆ ಜೀವ ಬಂದದ್ದು 1851ರಲ್ಲಿ, ಕಸುಬಿನಿಂದಲೇ ನೇಕಾರರಾಗಿದ್ದ ಜಾನ್ ಹಾಲರ್ ಬಂದ ಮೇಲೆ. ಕೈಯಿಂದ ಲಾಳಿ ದಾಟಿಸುವ ಹಳೆಯ ಮಗ್ಗದ ಬದಲು ಹಗ್ಗ ಎಳೆದರೆ ಲಾಳಿ ತಾನೇ ಓಡುವ ಯುರೋಪಿನ ಮಗ್ಗವನ್ನು ಅವರು ತಂದರು. ನೇಕಾರನ ಎರಡು ಕೈಗೂ ಎಟುಕದಷ್ಟು ಅಗಲದ ಬಟ್ಟೆ ನೇಯಲು ಇದರಿಂದ ಸಾಧ್ಯವಾಯಿತು, ಒಂದು ದಿನದಲ್ಲಿ ಹೊರಬರುವ ಬಟ್ಟೆಯ ಉದ್ದವೂ ಹೆಚ್ಚಿತು. ಮಂಗಳೂರಿನಿಂದ ಕಣ್ಣೂರು, ಕಲ್ಲಿಕೋಟೆಗೂ ಇದು ಹರಡಿತು.

ಸೈನ್ಯದ ಖಾಕಿಯನ್ನು ಕಂಡುಹಿಡಿದವರು ಹಾಲರ್ ಎಂಬ ಮಾತು ಕರಾವಳಿಯಲ್ಲಿ ಹೆಮ್ಮೆಯಿಂದ ಕೇಳಿಬರುತ್ತದೆ. ಅದನ್ನು ಸ್ವಲ್ಪ ತಿದ್ದಿಕೊಳ್ಳುವುದು ನ್ಯಾಯ. ಪೇಶಾವರದ ಕಡೆಯ ‘ಗೈಡ್ಸ್’ ದಳದಲ್ಲಿ ಹ್ಯಾರಿ ಲಮ್ಸ್‌ಡೆನ್ 1840ರ ದಶಕದಲ್ಲೇ ಧೂಳುಬಣ್ಣದ ಉಡುಪು ಬಳಸಿದ್ದರು. ಮಂಗಳೂರಿನ ಬಣ್ಣಗಾರರ ಸಾಧನೆ ಬೇರೆಯದು. ಇಲ್ಲಿನ ಸಾಮಗ್ರಿಯಿಂದ ಖಾಕಿ ಬಣ್ಣ ತೆಗೆದು, ಆ ಬಟ್ಟೆಯನ್ನು ಮಾರುಕಟ್ಟೆಯ ಸರಕಾಗಿ ನಿಲ್ಲಿಸಿದರು. ಕಸುಬು ಕಲಿತ ಕೂಲಿಕಾರರಿಗೆ ಇದರಿಂದ ತಿಂಗಳು ತಿಂಗಳೂ ಸಂಬಳ ಬಂತು. ಅದಕ್ಕೆ ಸಿಗಬೇಕಾದ ಗೌರವವೇ ಸಾಕಷ್ಟು ದೊಡ್ಡದು.

ಜೆಪ್ಪಿನ ಹೆಂಚು

ಬಾಸೆಲ್ ಮಿಷನ್ನಿನ ಹೆಸರನ್ನು ದೇಶದ ಮೂಲೆ ಮೂಲೆಗೆ ಒಯ್ದದ್ದು ಹೆಂಚು. ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿಗೆ ಬಂದದ್ದು ಅಚ್ಚುಕೂಟದ ಯಂತ್ರ ನೋಡಿಕೊಳ್ಳಲು. ಆಮೇಲೆ ಮಣ್ಣಿನ ಕೆಲಸ ಕಲಿತು 1865ರಲ್ಲಿ ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚಿನ ವಿನ್ಯಾಸ ಬಾಸೆಲ್‌ಗೆ ಹತ್ತಿರದ ಅಲ್ಸಾಸ್ ಪ್ರಾಂತ್ಯದಲ್ಲಿ ಗಿಲಾರ್ಡೋನಿ ಸಹೋದರರು 1841ರಲ್ಲಿ ರೂಪಿಸಿದ್ದು. ಮಂಗಳೂರಿನಲ್ಲಿ ಅದಕ್ಕೆ ಬೇಕಾದದ್ದೆಲ್ಲ ಒಂದೆಡೆ ಸೇರಿತ್ತು: ಹೊಳೆಯ ದಡದ ಜಿಗುಟು ಜೇಡಿಮಣ್ಣು, ಗೂಡಿಗೆ ಸೌದೆ, ಸಾಗಿಸಲು ದೋಣಿ ಮತ್ತು ಬಂದರು.

ಕೆಲಸದ ಕ್ರಮ ಹೀಗೆ. ತಂದ ಮಣ್ಣನ್ನು ಕೊಳೆಹಾಕಿ ಹದಗೊಳಿಸಬೇಕು, ಅರೆಯುವ ಯಂತ್ರದಲ್ಲಿ ನಾದಿ ಹಲಗೆಯಂತೆ ಕತ್ತರಿಸಬೇಕು, ಎಣ್ಣೆ ಸವರಿದ ಅಚ್ಚಿನಲ್ಲಿಟ್ಟು ಒತ್ತಬೇಕು, ಅಂಚಿನ ಹೆಚ್ಚುವರಿ ಮಣ್ಣನ್ನು ಕೈಯಿಂದ ಸವರಿ ತೆಗೆಯಬೇಕು, ನೆರಳಲ್ಲಿ ಒಣಗಿಸಿ ಗೂಡಿನಲ್ಲಿ ಸುಡಬೇಕು. ಸುಟ್ಟ ಹೆಂಚಿಗೆ ತಟ್ಟಿದರೆ ಕಂಚಿನ ದನಿ ಬರಬೇಕು. ಅಂಚಿನ ಏಣು ಪಕ್ಕದ ಹೆಂಚಿನ ತೋಡಿನಲ್ಲಿ ಕೂರುವುದರಿಂದ ಗಾಳಿಮಳೆಗೆ ಜರುಗದು. ಚದರ ಮೀಟರಿಗೆ ಸುಮಾರು 15 ಹೆಂಚು ಸಾಕು. ಹಳೆಯ ನಾಡಹೆಂಚನ್ನು ಒಂದರ ಮೇಲೊಂದು ಒತ್ತೊತ್ತಾಗಿ ಹೊದಿಸಬೇಕಿತ್ತು, ಮಾಡಿನ ಮೇಲೆ ಭಾರ ಹೆಚ್ಚು. ಹುಲ್ಲಿನ ಮಾಡಾದರೆ ಬೆಂಕಿಯ ಭಯ. ಹೊಸ ಹೆಂಚು ಬಡವನ ಮನೆಗೂ ಬಂಗಲೆಗೂ ಒಂದೇ ರೀತಿ ಒದಗಿತು.

ಮುಂದೆ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಪಾಲಕ್ಕಾಡು, ಫೆರೋಕ್ ಕಡೆಗಳಲ್ಲೂ ಮಿಷನ್ನಿನ ಹೆಂಚಿನ ಕಾರ್ಖಾನೆಗಳು ಎದ್ದವು. ಹೆಂಗಸರೂ ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಬಂದರು. ಕೆಲಸ ಪ್ರಾರ್ಥನೆಯಿಂದ ಶುರುವಾಗುತ್ತಿತ್ತು, ಗಂಟೆಯ ಶಿಸ್ತು ಬಿಗಿಯಾಗಿತ್ತು. ಸಂಬಳ ಕೊಡುವವರೂ ಧರ್ಮ ಬೋಧಿಸುವವರೂ ಒಬ್ಬರೇ ಆದಾಗ ಕೆಲಸಗಾರನಿಗೆ ‘ಒಲ್ಲೆ’ ಎನ್ನುವ ಸ್ವಾತಂತ್ರ್ಯ ಎಷ್ಟಿರುತ್ತದೆ ಎಂಬ ಪ್ರಶ್ನೆ ಇಲ್ಲಿ ಏಳಲೇಬೇಕು. ಹೊಟ್ಟೆಪಾಡಿಗಾಗಿ ಜನ ಕ್ರೈಸ್ತರಾಗುತ್ತಾರೆಂಬ ಅಳುಕು ಮಿಷನ್ನಿನೊಳಗೂ ಇತ್ತು.

ಆದರೂ ಈ ಕಸುಬು ಕಾರ್ಖಾನೆಯ ಗೋಡೆಯೊಳಗೆ ಉಳಿಯಲಿಲ್ಲ. ಮಂಗಳೂರಿನ ಕೆಥೊಲಿಕ್ ಮನೆತನಗಳೂ ಇತರ ಊರವರೂ ತಮ್ಮದೇ ಕಾರ್ಖಾನೆ ಹೂಡಿದರು. ಅಲ್ಬುಕರ್ಕ್ ಹೆಂಚಿನ ಹೆಸರು ಇವತ್ತಿಗೂ ಹಳೆಯ ಮಾಡುಗಳಲ್ಲಿ ಓದಲು ಸಿಗುತ್ತದೆ. ನೇತ್ರಾವತಿ, ಗುರುಪುರ ಹೊಳೆಗಳ ದಡದಲ್ಲಿ ಚಿಮಣಿಗಳ ಸಾಲೇ ಎದ್ದಿತು. ‘ಮಿಷನ್ ಹೆಂಚು’ ಮಂಗಳೂರು ಹೆಂಚಾದದ್ದು ಊರಿನ ಬಂಡವಾಳ ಮತ್ತು ಊರಿನ ಮೇಸ್ತ್ರಿಗಳ ಕೈಯಲ್ಲಿ.

ಕಲ್ಲಚ್ಚಿನಿಂದ ನಿಘಂಟಿನವರೆಗೆ

ಸಾಹಿತ್ಯ ಮತ್ತು ಕಲೆಯ ಪಾಲು ಈ ಕಥೆಯಲ್ಲಿ ಅಲಂಕಾರಕ್ಕೆ ಇರುವುದಲ್ಲ. ಹರ್ಮನ್ ಮೊಗ್ಲಿಂಗ್ 1836ರಲ್ಲಿ ಬಂದರು. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣ ಶುರುವಾಯಿತು. 1843ರ ಜುಲೈ 1ರಂದು ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ಇವತ್ತಿಗೂ ಜುಲೈ 1 ಕರ್ನಾಟಕದ ಪತ್ರಿಕಾ ದಿನ. ಓದುಗರು ಹೆಚ್ಚಿದಾಗ ಕಲ್ಲಚ್ಚು ಸಾಲದೆ, 1844ರಲ್ಲಿ ಪತ್ರಿಕೆ ಮೊಳೆಯಚ್ಚಿದ್ದ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಹೀಗೆ ಕನ್ನಡ ಪತ್ರಿಕೋದ್ಯಮದ ಎರಡನೆಯ ಮನೆ ಬ್ರಹ್ಮಗಿರಿಯ ನೆರೆಯಲ್ಲೇ ಇತ್ತು.

ಮೊಗ್ಲಿಂಗರ ನಿಜವಾದ ದೊಡ್ಡ ಕೆಲಸ ‘ಬಿಬ್ಲಿಯೋಥೆಕಾ ಕರ್ನಾಟಿಕಾ’. ಮದರಾಸಿನಲ್ಲಿ ಅಧಿಕಾರಿಯಾಗಿದ್ದ ಕಸಮೇಜರ್ ಎಂಬವರು ಹಣ ಕೊಟ್ಟರು. 1848ರಿಂದ ಮುಂದಿನ ಕೆಲವೇ ವರ್ಷಗಳಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವ ಪುರಾಣ, ಚನ್ನಬಸವ ಪುರಾಣ, ದಾಸರ ಪದಗಳು ಕಲ್ಲಚ್ಚಿನಲ್ಲಿ ಬಂದವು. ವೀರಶೈವ, ವೈಷ್ಣವ ಕೃತಿಗಳನ್ನು ಕ್ರೈಸ್ತ ಪಾದ್ರಿಯೊಬ್ಬರು ಅಚ್ಚು ಹಾಕಿದ್ದು ಸಣ್ಣ ಮಾತಲ್ಲ. ಇಲ್ಲಿನ ಜನರ ಮನಸ್ಸನ್ನು ತಿಳಿದು ಧರ್ಮ ಬೋಧಿಸಬೇಕೆಂಬ ಉದ್ದೇಶ ಅದರ ಹಿಂದಿತ್ತು ಎಂಬುದೂ ನಿಜ. ಆದರೆ ಓಲೆಗರಿಯಲ್ಲಿದ್ದ ಕಾವ್ಯ ಓದುಗನ ಕೈಗೆ ಸಿಕ್ಕಿದ ಮೇಲೆ ಅದು ಯಾರ ಉದ್ದೇಶಕ್ಕೂ ಕಟ್ಟುಬೀಳುವುದಿಲ್ಲ.

ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಂದರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ, ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು: 1752 ಪುಟ, ಸುಮಾರು 70,000 ಶಬ್ದ. ಕಾವ್ಯದ ಮಾತಿನ ಪಕ್ಕದಲ್ಲಿ ಹೊಲದ ಮಾತು, ಗಾದೆ, ಕಸುಬಿನ ಪದ ಎಲ್ಲವೂ ಅಲ್ಲಿವೆ. ಇಲ್ಲಿನ ಪಂಡಿತರ ನೆರವಿಲ್ಲದೆ ಅದು ಆಗುತ್ತಿರಲಿಲ್ಲ. ಆ ನಿಘಂಟಿನ ಮೊಳೆ ಜೋಡಿಸಿದವರ, ಕರಡು ತಿದ್ದಿದವರ ಶ್ರಮವನ್ನೂ ಕಿಟೆಲ್ಲರ ಹೆಸರಿನ ಜೊತೆಗೆ ನೆನೆಯಬೇಕು. ಕಸುಬು, ಸಂಬಳ, ಭಾಷೆಯ ಸೇವೆ ಮೂರೂ ಆ ಅಚ್ಚುಕೂಟದಲ್ಲಿ ಒಂದಾಗಿದ್ದವು.

ಭೂತಾರಾಧನೆಯನ್ನು ಮಿಷನ್ ಖಂಡಿಸುತ್ತಿತ್ತು, ಬಿಡಿಸುತ್ತಿತ್ತು. ಅದೇ ಅಚ್ಚುಕೂಟದಿಂದ 1886ರಲ್ಲಿ ಮೇನರ್ ಪಾದ್ರಿ ತುಳು ನಿಘಂಟನ್ನೂ, ಭೂತಗಳ ಕಥನಗೀತೆಗಳ ಸಂಗ್ರಹ ‘ಪಾಡ್ದನೊಳು’ವನ್ನೂ ತಂದರು. ಒಂದು ಕೈ ಬಿಡಿಸಿದ್ದನ್ನು ಇನ್ನೊಂದು ಕೈ ಬರೆದಿಟ್ಟಿತು. ಹಾಡು ಪುಸ್ತಕದಲ್ಲಿ ಉಳಿಯುವುದು ಒಳ್ಳೆಯದೇ, ಆದರೆ ಹಾಡುವವರ ನಾಲಗೆಯಿಂದ ಅದನ್ನು ದೂರಮಾಡಿ ಉಳಿಸುವುದು ಆ ಸಮುದಾಯದ ಪಾಲಿಗೆ ನಷ್ಟ.

ಔಷಧ ಮಾರಿ ಆಸ್ಪತ್ರೆ

ಮಂಗಳೂರಿನ ಕೆಥೊಲಿಕರ ದಾರಿ ಬೇರೆ. ಜರ್ಮನ್ ಜೆಸ್ವಿತ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದರು. ಔಷಧಗಳ ಮಾರಾಟದಿಂದ ಬಂದ ಹಣ ಆಸ್ಪತ್ರೆಗೆ ಆಸರೆಯಾಯಿತು. 1890ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆಯೂ ಬಂತು. ಉಳ್ಳವರು ಕೊಂಡ ಔಷಧ ಇಲ್ಲದವರ ಚಿಕಿತ್ಸೆಗಾಯಿತು. ಜೆಪ್ಪಿನ ಸೇಂಟ್ ಜೋಸೆಫ್ ಅನಾಥಾಶ್ರಮದ ಕಾರ್ಯಾಗಾರದಲ್ಲಿ ಹುಡುಗರು ಮರಗೆಲಸ, ಎರಕ, ವಿಗ್ರಹ ಕೆತ್ತನೆ ಕಲಿತರು. 1899ರಿಂದ 1901ರವರೆಗೆ ಇಟಲಿಯ ಆಂಟೋನಿಯೋ ಮೊಸ್ಕೇನಿ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿನ ಗೋಡೆ, ಮಾಡುಗಳನ್ನೆಲ್ಲ ಚಿತ್ರದಿಂದ ತುಂಬಿದರು. ಜಾತಿ ಧರ್ಮದ ಹಂಗಿಲ್ಲದೆ ಜನ ಅದನ್ನು ನೋಡಲು ಬರುತ್ತಾರೆ.

ಈ ಕೆಲಸಗಳನ್ನು ಕಂಡು ಊರಿನ ಸುಧಾರಕರೂ ಸುಮ್ಮನಿರಲಿಲ್ಲ. ವಕೀಲರಾಗಿದ್ದ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಮತಾಂತರದ ಷರತ್ತಿಲ್ಲದೆಯೂ ಅಕ್ಷರ, ಕಸುಬು, ಭೂಮಿ ಕೊಡಬಹುದೆಂದು ತೋರಿಸಿಕೊಟ್ಟ ಅವರ ಬದುಕು ಈ ಚರಿತ್ರೆಯ ಅತ್ಯಂತ ಬೆಳಕಿನ ಭಾಗವೆಂದು ನಾನು ನಂಬುತ್ತೇನೆ.

1914: ಒಡೆತನದ ಪ್ರಶ್ನೆ

ಮೊದಲ ಮಹಾಯುದ್ಧ ಶುರುವಾದೊಡನೆ ಜರ್ಮನ್ ಪಾದ್ರಿಗಳು ಶತ್ರು ದೇಶದವರಾದರು. ಅವರನ್ನು ಹಿಡಿದು ಶಿಬಿರಗಳಲ್ಲಿ ಇರಿಸಿದರು, ಬಳಿಕ ದೇಶದಿಂದ ಕಳುಹಿಸಿದರು. ಕಾರ್ಖಾನೆಗಳು ಸರ್ಕಾರದ ವಶವಾದವು. 1919ರಲ್ಲಿ ಅವನ್ನು ವಹಿಸಿಕೊಳ್ಳಲು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿ ಹುಟ್ಟಿತು. ಮಣ್ಣು ತುಳಿದವರು, ಮಗ್ಗಕ್ಕೆ ಕೂತವರು, ಗೂಡಿಗೆ ಬೆಂಕಿ ಹಾಕಿದವರು ಎರಡು ತಲೆಮಾರು ದುಡಿದ ಕಾರ್ಖಾನೆ ಯಾರ ಕೈಗೆ ಹೋಗಬೇಕೆಂದು ಅವರನ್ನು ಯಾರೂ ಕೇಳಲಿಲ್ಲ. ಕೇಳುವ ಹಕ್ಕನ್ನು ಮಿಷನ್ನೂ ಅವರಿಗೆ ಕೊಟ್ಟಿರಲಿಲ್ಲ.

ಉಳಿದದ್ದು ಏನೆಂದರೆ ಜನರ ಕೈಗೆ ಬಂದದ್ದು: ಹೆಂಚಿನ ವಿದ್ಯೆ, ಅಚ್ಚಿನ ವಿದ್ಯೆ, ಓದು, ನಿಘಂಟು. ಹೆಂಚಿಗೂ ಕಾಂಕ್ರೀಟ್ ತಾರಸಿ ಬಂದ ಮೇಲೆ ಕಷ್ಟಕಾಲ ಶುರುವಾಯಿತು, ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಮಿಷನ್ನಿನ ಹಳೆಯ ಕಾಗದಪತ್ರ, ಪುಸ್ತಕಗಳು ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನಲ್ಲಿವೆ.

ಮೊಳಕಾಲ್ಮೂರಿನ ಕುಣಿಮಗ್ಗ, ಚಳ್ಳಕೆರೆಯ ಕಂಬಳಿ

ಈಗ ಬ್ರಹ್ಮಗಿರಿ ಸೀಮೆಗೆ ಬರೋಣ. ಇಲ್ಲಿ ಮಳೆ ಕಡಿಮೆ. ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ಇಳಿಜಾರಿನ ಹೆಂಚಿಗೆ ಇಲ್ಲಿ ಅಗತ್ಯವೇ ಇರಲಿಲ್ಲ. ಜೆಪ್ಪಿನ ಮಾದರಿಯನ್ನು ಎತ್ತಿ ತಂದು ಇಲ್ಲಿ ನೆಡಲಾಗದು. ಇಲ್ಲಿನ ಸಂಪತ್ತು ಆಗಲೇ ಇಲ್ಲಿದೆ. ಚಳ್ಳಕೆರೆ ಶೇಂಗಾ ಎಣ್ಣೆ ಗಿರಣಿಗಳಿಗೆ ಹೆಸರಾದ ಪೇಟೆ. ಕುರಿಯ ಉಣ್ಣೆಯ ಕಂಬಳಿ ನೇಯ್ಗೆ ಇಲ್ಲಿನ ಹಳೆಯ ಕಸುಬು. ಮೊಳಕಾಲ್ಮೂರು ಮತ್ತು ಕೊಂಡ್ಲಹಳ್ಳಿಯಲ್ಲಿ ರೇಷ್ಮೆ ಸೀರೆಯ ಮಗ್ಗಗಳಿವೆ. ನೇಕಾರ ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ಹಾಸಿಗೆ ಹೊಕ್ಕು ಹೊಡೆಯುತ್ತಾನೆ. ಅಗಲವಾದ ಜರಿಯಂಚು, ಹೂವು, ಹಣ್ಣು, ನವಿಲಿನ ಬುಟ್ಟಾ ಈ ಸೀರೆಯ ಗುರುತು. 2011ರಲ್ಲಿ ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು.

ಹಾಡಿಗೂ ಅಕ್ಷರಕ್ಕೂ ಇಲ್ಲಿ ಬರವಿಲ್ಲ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಬಾಯಲ್ಲಿದ್ದ ಹಾಡುಗಳು ಸಾವಿರಾರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಅದೇ ತಾಲ್ಲೂಕಿನ ತಳುಕಿನವರು ಟಿ. ಎಸ್. ವೆಂಕಣ್ಣಯ್ಯ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಪ್ರಾಧ್ಯಾಪಕರಾಗಿ ಹರಿಹರನ ‘ಬಸವರಾಜದೇವರ ರಗಳೆ’ಯನ್ನು ಸಂಪಾದಿಸಿದರು. ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ಶುರುಮಾಡಿದ ಕೆಲಸವನ್ನು ಈ ನೆಲದ ಮಗ ಶಾಸ್ತ್ರೀಯವಾಗಿ ಮುಂದುವರಿಸಿದ ಹಾಗಾಯಿತು.

ಕಲೆ ಇದೆ, ಕೊಡುವ ಕೈಗಳೂ ಇವೆ. ಕೊರತೆ ವ್ಯಾಪಾರದ ಒಡೆತನದಲ್ಲಿ. ಕೈಮಗ್ಗದ ಊರುಗಳಲ್ಲೆಲ್ಲ ನಡೆಯುವಂತೆ, ಸಾಹುಕಾರ ರೇಷ್ಮೆ ಮತ್ತು ಜರಿ ಕೊಡುತ್ತಾನೆ, ನೇಕಾರ ನೇಯ್ದು ಕೂಲಿ ಪಡೆಯುತ್ತಾನೆ. ಸೀರೆಗೆ ಪೇಟೆಯಲ್ಲಿ ಎಷ್ಟು ಬೆಲೆ ಬಂದರೂ ಅವನ ಕೂಲಿ ಬದಲಾಗದು. ಜರಿಯಂಚಿನ ಸೀರೆಯಂಥ ಸರಕನ್ನು ಕೈಮಗ್ಗಕ್ಕೇ ಮೀಸಲಿಡಲು 1985ರ ಕಾಯ್ದೆಯಿದೆ, ಆದರೂ ವಿದ್ಯುತ್ ಮಗ್ಗದ ನಕಲು ಪೇಟೆಯಲ್ಲಿ ಸಿಗುತ್ತದೆ. 1999ರ ಭೌಗೋಳಿಕ ಗುರುತಿನ ಕಾಯ್ದೆಯ ಪ್ರಕಾರ ಊರಿಗೆ ಮಾನ್ಯತೆ ಬಂದರೆ ಸಾಲದು, ಆ ಗುರುತನ್ನು ಬಳಸುವ ನೇಕಾರ ತನ್ನ ಹೆಸರನ್ನು ಅಧಿಕೃತ ಬಳಕೆದಾರನಾಗಿ ನೋಂದಾಯಿಸಿಕೊಳ್ಳಬೇಕು. ಅರ್ಜಿ, ದಾಖಲೆ, ಶುಲ್ಕದ ಈ ಕೆಲಸ ದಿನಗೂಲಿಯವನಿಗೆ ಒಬ್ಬನೇ ಮಾಡಿಕೊಳ್ಳಲು ಕಷ್ಟ.

ಚರ್ಚಾಗಲಿ, ಮಠವಾಗಲಿ, ಎಣ್ಣೆ ಗಿರಣಿಯ ಮಾಲೀಕರಾಗಲಿ, ಈ ಸೀಮೆಗೆ ಏನಾದರೂ ಮಾಡಬೇಕೆನ್ನುವವರಿಗೆ ಕೈಗೆಟುಕುವ ಕೆಲಸಗಳಿವೆ. ನೇಕಾರರ ನೋಂದಣಿಯ ಖರ್ಚು ಮತ್ತು ಓಡಾಟ ವಹಿಸಿಕೊಳ್ಳಬಹುದು. ಸಹಕಾರ ಸಂಘಕ್ಕೆ ಬಡ್ಡಿಯಿಲ್ಲದ ಮೂಲಧನ ಕೊಟ್ಟು, ರೇಷ್ಮೆ ಮತ್ತು ಜರಿಯನ್ನು ನೇಕಾರರು ಸಾಹುಕಾರನ ಹಂಗಿಲ್ಲದೆ ಕೊಳ್ಳುವಂತೆ ಮಾಡಬಹುದು. ಹಳೆಯ ಸೀರೆಗಳ ಬುಟ್ಟಾ ಮಾದರಿಗಳನ್ನು ನಕ್ಷೆ ತೆಗೆದು ಊರಿನಲ್ಲೇ ಇಡಬಹುದು. ಹಟ್ಟಿಗಳ ಹಾಡನ್ನು ಧ್ವನಿಮುದ್ರಿಸುವಾಗ ಹಾಡಿದವರ ಹೆಸರನ್ನು ದಾಖಲಿಸಿ ಸಂಭಾವನೆ ಕೊಡಬಹುದು. ಸಂಘದ ಲೆಕ್ಕವನ್ನು ಮಾತ್ರ ನೇಕಾರರೇ ಬರೆಯಲಿ, ನೇಕಾರರೇ ಓದಲಿ. ಕೊಟ್ಟವರು ಆಡಳಿತ ಮಂಡಳಿಯಲ್ಲಿ ಕೂರುವುದು ಬೇಡ.